ಇಪ್ಪತ್ನಾಲ್ಕು ಹ್ಯಾಂಡಿಕ್ಯಾಪಿನ ವೀರ

ಗಾಲ್ಫ್ ಆಡಿ ಹೊಟ್ಟೆ ಹೊರೆಯದವನು ಹವ್ಯಾಸಿ. ಈಗಿನ ನಿಯಮದ ಪ್ರಕಾರ ಅವನು ಸ್ಪರ್ಧೆಯಲ್ಲಿ 1,000 ಡಾಲರ್ ಬೆಲೆಯವರೆಗಿನ ಬಹುಮಾನ ತೆಗೆದುಕೊಳ್ಳಬಹುದು. ಅದನ್ನು ಮೀರಿದರೆ ಹವ್ಯಾಸಿಯ ಪಟ್ಟ ಹೋಗುತ್ತದೆ. ಆಟಕ್ಕಾಗಿ ಕಳೆಯುವ ಹಣಕ್ಕೆ ಮಾತ್ರ ನಿಯಮದಲ್ಲಿ ಯಾವ ಮಿತಿಯನ್ನೂ ಹಾಕಿಲ್ಲ.

ಕರ್ನಾಟಕದಲ್ಲಿ ಈ ವರ್ಗದವರನ್ನು ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಮನೆಮಂದಿ ಇನ್ನೂ ಹೊದ್ದು ಮಲಗಿರುವಾಗ ನೋಡಬೇಕು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬು ಹೈಗ್ರೌಂಡ್ಸಿನಲ್ಲಿದೆ. ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಕೋರ್ಸಿದೆ. ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬು, ಕೊಡಗು ಮತ್ತು ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ನಡುವಿನ ಕೋರ್ಸುಗಳು. ಇಲ್ಲಿ ಆಡುವವರು ವಾರದ ಉಳಿದ ಆರು ದಿನ ಡಾಕ್ಟರು, ಆಡಿಟರು, ನಿವೃತ್ತ ಕರ್ನಲ್ಲು, ಸಾಫ್ಟ್‌ವೇರ್ ಕಂಪನಿಯ ಉಪಾಧ್ಯಕ್ಷರು, ಪ್ಲಾಂಟರುಗಳು. ಹತ್ತಾರು ಜನರ ಮೇಲೆ ಅಧಿಕಾರ ನಡೆಸಿ ಅಭ್ಯಾಸವಾದವರು. 46 ಗ್ರಾಂ ಕೂಡ ತೂಗದ ಒಂದು ಬಿಳಿ ಚೆಂಡು ತಮ್ಮ ಮಾತು ಕೇಳುವುದಿಲ್ಲ ಎಂಬ ಸಂಗತಿಯನ್ನು ಇವರು ವರ್ಷಗಟ್ಟಲೆ ಆಡಿದರೂ ಒಪ್ಪಿಕೊಂಡಿರುವುದಿಲ್ಲ. ಕ್ಲಬ್ಬಿನ ನೋಟಿಸ್ ಬೋರ್ಡಿನಲ್ಲಿ ತಿಂಗಳ ಸ್ಪರ್ಧೆಯ ಹಾಳೆ ಬಿದ್ದ ಕೂಡಲೇ ಹೆಸರು ಬರೆಯುವುದು ಇದೇ ಕಾರಣಕ್ಕೆ.

ಹೆಸರಿನ ಮುಂದೆ ಒಂದು ಅಂಕಿ ಬರೆಯಬೇಕು. ಅದು ಹ್ಯಾಂಡಿಕ್ಯಾಪು. ಪಾರ್ 72ರ ಕೋರ್ಸಿನಲ್ಲಿ, ಅಂದರೆ ನುರಿತವನು 18 ಹೋಲುಗಳನ್ನು (ಗುಣಿಗಳನ್ನು) 72 ಹೊಡೆತಕ್ಕೆ ಮುಗಿಸಬೇಕಾದ ಕಡೆ, 24 ಹ್ಯಾಂಡಿಕ್ಯಾಪಿನವನು 96 ಹೊಡೆತಕ್ಕೆ ಆಟ ಮುಗಿಸಿದರೆ ಅವನು 72ಕ್ಕೇ ಮುಗಿಸಿದ ಎಂದು ಲೆಕ್ಕ. ಬಲ್ಲವನೂ ಬಾರದವನೂ ಸರಿಸಮವಾಗಿ ಸೆಣಸುವ ಇಂಥ ಏರ್ಪಾಡು ಬೇರೆ ಆಟಗಳಲ್ಲಿ ಅಪರೂಪ. ಟೆನಿಸ್ ಕ್ಲಬ್ಬಿಗೆ ಹೋಗಿ, ತಾನು ಕೆಟ್ಟದಾಗಿ ಆಡುವುದರಿಂದ ತನಗೆ ಸೆಟ್ಟಿಗೆ ನಾಲ್ಕು ಗೇಮ್ ಮೊದಲೇ ಕೊಟ್ಟುಬಿಡಿ ಎಂದು ಕೇಳುವವರು ಕಡಿಮೆ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಆಟಗಾರನ ಇತ್ತೀಚಿನ 20 ಆಟಗಳನ್ನು ತೆಗೆದುಕೊಂಡು, ಅವುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿ ತೆಗೆಯುತ್ತಾರೆ. ಗರಿಷ್ಠ ಮಿತಿ 54. ಅಂದರೆ ಈ ಅಂಕಿ ಆಟಗಾರನ ಸಾಮಾನ್ಯ ಆಟದ ಅಳತೆಯಲ್ಲ, ಅವನ ಒಳ್ಳೆಯ ದಿನಗಳ ಅಳತೆ. ಹಾಗಾಗಿ ಹೆಚ್ಚಿನ ಭಾನುವಾರಗಳಲ್ಲಿ ಅವನು ತನ್ನ ಹ್ಯಾಂಡಿಕ್ಯಾಪಿಗಿಂತ ಕೆಟ್ಟದಾಗಿಯೇ ಆಡಬೇಕು. ಇದು ಶುದ್ಧ ಗಣಿತ. ಅವನು ಮಾತ್ರ ಬೆನ್ನುನೋವು ಎನ್ನುತ್ತಾನೆ.

ಹ್ಯಾಂಡಿಕ್ಯಾಪಿನ ವಿಷಯದಲ್ಲಿ ಆಟಗಾರರು ಎರಡು ಪಂಗಡ. ಒಬ್ಬರಿಗೆ ಅಂಕಿ ಕಡಿಮೆಯಿರಬೇಕು. ಮದುವೆ ಮನೆಯಲ್ಲಿ ಯಾರಾದರೂ ಕೇಳಿದಾಗ ಹೇಳಿಕೊಳ್ಳಲು ಅದು ಬೇಕು. ಇನ್ನೊಬ್ಬರಿಗೆ ಅಂಕಿ ಜಾಸ್ತಿಯಿರಬೇಕು. ಸ್ಪರ್ಧೆ ಗೆಲ್ಲಲು ಅದು ಬೇಕು. ಎರಡನೆಯವರು ಗೆಳೆಯರ ಜೊತೆ ಆಡುವಾಗ ಕೊನೆಯ ಮೂರು ಹೋಲುಗಳಲ್ಲಿ ವಿಚಿತ್ರವಾಗಿ ಎಡವುತ್ತಾರೆ, ಬೆಳ್ಳಿ ಬಟ್ಟಲಿನ ಸ್ಪರ್ಧೆಯ ದಿನ ದೇವರು ಮೈಮೇಲೆ ಬಂದವರ ಹಾಗೆ ಆಡುತ್ತಾರೆ. ಇವರಿಗೆ ಸ್ಯಾಂಡ್‌ಬ್ಯಾಗರ್ ಎಂದು ಹೆಸರು. ಕ್ಲಬ್ಬಿನ ಬಾರಿನಲ್ಲಿ ಈ ಹೆಸರು ಆ ಸಂಜೆ ಗೆದ್ದವರಿಗೆಲ್ಲ ಸಲ್ಲುತ್ತದೆ.

ಹ್ಯಾಂಡಿಕ್ಯಾಪಿನ ದಾಖಲೆ ಯಾಕೆ ಬೇಕು ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ. ಇಂಗ್ಲೆಂಡಿನ ಬ್ಯಾರೋ ಎಂಬ ಬಂದರು ಊರಿನ ಹಡಗುಕಟ್ಟೆಯಲ್ಲಿ ಕ್ರೇನ್ ಓಡಿಸುತ್ತಿದ್ದ ಮಾರಿಸ್ ಫ್ಲಿಟ್‌ಕ್ರಾಫ್ಟ್ 1976ರಲ್ಲಿ ಬ್ರಿಟಿಷ್ ಓಪನ್ನಿಗೆ ಅರ್ಜಿ ಹಾಕಿದ. ಹವ್ಯಾಸಿ ಎಂದು ಬರೆದರೆ ಹ್ಯಾಂಡಿಕ್ಯಾಪ್ ತೋರಿಸಬೇಕಿತ್ತು. ಅದು ಇರಲಿಲ್ಲ. ಆದ್ದರಿಂದ ವೃತ್ತಿಪರ ಎಂದು ಬರೆದ. ಅಂಚೆಯಲ್ಲಿ ತರಿಸಿದ ಅರ್ಧ ಸೆಟ್ ಕೋಲುಗಳು, ಗಾಲ್ಫ್ ಕಲಿಸುವ ಪುಸ್ತಕ ಮತ್ತು ಪತ್ರಿಕಾ ಲೇಖನಗಳು: ಇಷ್ಟೇ ಅವನ ಗುರುಕುಲ. ಫಾರ್ಮ್‌ಬಿ ಕೋರ್ಸಿನಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಅವನು 121 ಹೊಡೆತ ತೆಗೆದುಕೊಂಡ, ಪಾರಿಗಿಂತ 49 ಹೆಚ್ಚು. ಸಂಘಟಕರು ಕೆಂಡವಾಗಿ ಅವನಿಗೆ ಬಾಗಿಲು ಹಾಕಿದರು. ಅವನು ನಕಲಿ ಹೆಸರುಗಳಲ್ಲಿ ಮತ್ತೆ ಮತ್ತೆ ಬಂದ. ಅಮೆರಿಕದ ಮಿಷಿಗನ್ನಿನ ಒಂದು ಕ್ಲಬ್ಬು ತನ್ನ ಸ್ಪರ್ಧೆಯೊಂದಕ್ಕೆ ಅವನ ಹೆಸರನ್ನೇ ಇಟ್ಟಿತು. 2021ರಲ್ಲಿ ಅವನ ಕಥೆ ಸಿನಿಮಾ ಕೂಡ ಆಯಿತು. 1976ರಲ್ಲಿ ಓಪನ್ ಗೆದ್ದವನ ಹೆಸರು ಜಾನಿ ಮಿಲ್ಲರ್. ಅವನ ಗೆಲುವಿನ ಮೇಲೆ ಸಿನಿಮಾ ಬರಲಿಲ್ಲ.

ಹೆಸರು ಕೊಟ್ಟ ಮೇಲೆ ಸಿದ್ಧತೆ. ಸಿದ್ಧತೆಯ ಮೊದಲ ಹಂತ ಅಂಗಡಿ. ಡ್ರೈವರ್ ಎಂಬ ಅತಿ ಉದ್ದದ ಕೋಲಿನ ತಲೆ 460 ಘನ ಸೆಂಟಿಮೀಟರಿಗಿಂತ ದೊಡ್ಡದಿರಬಾರದು ಎಂದು ನಿಯಮ. ಅಂಗಡಿಗೆ ಬರುವ ಹೊಸ ಡ್ರೈವರುಗಳೆಲ್ಲ ಹೆಚ್ಚೂಕಡಿಮೆ ಅಷ್ಟೇ ದೊಡ್ಡವು, ಕಳೆದ ವರ್ಷ ಕೊಂಡದ್ದೂ ಅಷ್ಟೇ ದೊಡ್ಡದು. ಆದರೂ ಈ ಸಲದ್ದು ಹತ್ತು ಗಜ ಹೆಚ್ಚು ಹೋಗುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ವರ್ಷಕ್ಕೆ ಹತ್ತು ಗಜದಂತೆ ಕೂಡಿಸುತ್ತ ಬಂದಿದ್ದರೆ ಅರುವತ್ತು ದಾಟಿದ ಹವ್ಯಾಸಿಗಳು ಇಷ್ಟು ಹೊತ್ತಿಗೆ ಇಂದಿರಾನಗರದಿಂದ ಹೊಡೆದು ಹೊಸಕೋಟೆಯಲ್ಲಿ ಚೆಂಡು ಹುಡುಕಬೇಕಿತ್ತು. ಮನೆಯಲ್ಲಿ ಹಳೆಯ ಡ್ರೈವರಿನ ಜಾಗದಲ್ಲೇ ಹೊಸದನ್ನು ನಿಲ್ಲಿಸಲಾಗುತ್ತದೆ. ಅದಕ್ಕೂ ಇದಕ್ಕೂ ಬಣ್ಣದಲ್ಲಿ ವ್ಯತ್ಯಾಸವಿಲ್ಲದಂತೆ ನೋಡಿಕೊಳ್ಳುವವನು ಅನುಭವಸ್ಥ.

ಬ್ಯಾಗಿನಲ್ಲಿ 14 ಕೋಲುಗಳಿಗೆ ಮಾತ್ರ ಅವಕಾಶ. ಹದಿನೈದನೆಯದು ಇದ್ದರೆ ದಂಡ. 2001ರ ಬ್ರಿಟಿಷ್ ಓಪನ್ನಿನ ಕೊನೆಯ ದಿನ ಇಯಾನ್ ವೂಸ್ನಮ್ ಮೊದಲ ಹೋಲಿನಲ್ಲಿ ಚೆಂಡನ್ನು ಒಂದೇ ಹೊಡೆತಕ್ಕೆ ಗುಣಿಗೆ ಕೆಡವುವಷ್ಟು ಹತ್ತಿರ ತಂದು, ಅಗ್ರಸ್ಥಾನದ ಸಾಲಿಗೆ ಬಂದು ನಿಂತ. ಎರಡನೆಯ ಹೋಲಿನಲ್ಲಿ ಅವನ ಬ್ಯಾಗು ಹೊರುವ ಕ್ಯಾಡಿ ಕೋಲುಗಳನ್ನು ಎಣಿಸಿ ನೋಡಿದರೆ ಹದಿನೈದು. ಅಭ್ಯಾಸಕ್ಕೆ ತೆಗೆದುಕೊಂಡಿದ್ದ ಇನ್ನೊಂದು ಡ್ರೈವರ್ ಒಳಗೇ ಉಳಿದುಹೋಗಿತ್ತು. ಎರಡು ಹೊಡೆತಗಳ ದಂಡ ಬಿತ್ತು. ಹವ್ಯಾಸಿಗಳ ಬ್ಯಾಗಿನಲ್ಲಿ ಕೋಲುಗಳ ಜೊತೆಗೆ ಕೊಡೆ, ಮಳೆಯಂಗಿ, ಬಾಳೆಹಣ್ಣು, ಮೊಣಕಾಲಿನ ಪಟ್ಟಿ, ನೋವಿನ ಮುಲಾಮು, ಹಿಂದಿನ ವರ್ಷದ ಚಿಕ್ಕಿ ಎಲ್ಲವೂ ಇರುತ್ತವೆ. ಇವುಗಳ ಸಂಖ್ಯೆಗೆ ನಿಯಮದಲ್ಲಿ ಮಿತಿಯಿಲ್ಲ, ಹೊರುವವನು ಬೇರೆಯವನಾದ್ದರಿಂದ ಮಿತಿಯ ಅಗತ್ಯವೂ ಯಾರಿಗೂ ಕಂಡಿಲ್ಲ.

ಎರಡನೆಯ ಹಂತ ಡ್ರೈವಿಂಗ್ ರೇಂಜು. ಬಕೆಟ್ಟು ಲೆಕ್ಕದಲ್ಲಿ ಚೆಂಡು ಕೊಂಡು, ಸಾಲಾಗಿ ಹಾಸಿದ ಹಸಿರು ಚಾಪೆಗಳ ಮೇಲೆ ನಿಂತು ಹೊಡೆಯುವ ಜಾಗ ಇದು. ಹವ್ಯಾಸಿ ಇಲ್ಲಿಗೆ ಬರುವುದು ಒಂದೇ ಕಾಯಿಲೆಗೆ ಮದ್ದು ಹುಡುಕಿಕೊಂಡು. ಅದು ಸ್ಲೈಸ್. ನೇರ ಹೊರಟ ಚೆಂಡು ನಡುದಾರಿಯಲ್ಲಿ ಮನಸ್ಸು ಬದಲಿಸಿ ಬಲಕ್ಕೆ ತಿರುಗಿ, ಹೋಗಬಾರದ ಕಡೆಗೆ ಹೋಗುತ್ತದೆ. ಕಾರಣ ಗೂಢವೇನಲ್ಲ. ಕೋಲು ಬೀಸಿ ಬರುವ ದಾರಿಗಿಂತ ಅದರ ಮುಖ ಬಲಕ್ಕೆ ತೆರೆದುಕೊಂಡಿದ್ದರೆ ಚೆಂಡು ಓರೆಯಾಗಿ ಗಿರಕಿ ಹೊಡೆಯುತ್ತದೆ, ಗಾಳಿ ಅದನ್ನು ಬಲಕ್ಕೆ ಒಯ್ಯುತ್ತದೆ. ಹವ್ಯಾಸಿ ಕಂಡುಕೊಂಡ ಪರಿಹಾರವೂ ಸರಳ: ಚೆಂಡು ಬಲಕ್ಕೆ ಹೋಗುತ್ತದಲ್ಲ, ತಾನು ಎಡಕ್ಕೆ ತಿರುಗಿ ನಿಂತರಾಯಿತು. ಎಡಕ್ಕೆ ತಿರುಗಿ ನಿಂತಾಗ ಕೋಲಿನ ದಾರಿಯೂ ಎಡಕ್ಕೆ ತಿರುಗುತ್ತದೆ. ಮುಖ ಮಾತ್ರ ಗುರಿಯ ಕಡೆಗೇ ತೆರೆದಿರುತ್ತದೆ. ದಾರಿಗೂ ಮುಖಕ್ಕೂ ನಡುವಿನ ಕೋನ ಹೆಚ್ಚಾಗಿ ಚೆಂಡು ಮೊದಲಿಗಿಂತ ಜೋರಾಗಿ ಬಲಕ್ಕೆ ಹೊರಳುತ್ತದೆ. ಆಗ ಅವನು ಇನ್ನಷ್ಟು ಎಡಕ್ಕೆ ತಿರುಗುತ್ತಾನೆ. ಪಕ್ಕದ ಹೋಲಿನವರಿಗೆ ಮುಖ ಮಾಡಿ ನಿಂತು ತಮ್ಮ ಹೋಲಿಗೆ ಆಡುವ ಹಿರಿಯರು ಪ್ರತಿ ಕ್ಲಬ್ಬಿನಲ್ಲೂ ಇಬ್ಬರು ಮೂವರಿರುತ್ತಾರೆ. ಅವರನ್ನು ಮೊದಲ ಸಲ ನೋಡಿದವರು ದಾರಿ ತಪ್ಪಿದವರೆಂದು ತಿಳಿದು ಸಹಾಯಕ್ಕೆ ಬರುವುದುಂಟು.

ಅಕ್ಕಪಕ್ಕದ ಚಾಪೆಯವರಿಂದಲೂ ಚಿಕಿತ್ಸೆ ಸಿಗುತ್ತದೆ. ಗಾಲ್ಫಿನಲ್ಲಿ ಸಲಹೆ ಯಾವಾಗಲೂ ಹ್ಯಾಂಡಿಕ್ಯಾಪು ಜಾಸ್ತಿಯಿದ್ದವರಿಂದ ಕಡಿಮೆಯಿದ್ದವರ ಕಡೆಗೆ ಹರಿಯುತ್ತದೆ. ತಲೆ ಅಲ್ಲಾಡಿಸಬೇಡಿ ಎಂದು ಒಬ್ಬರು, ಎಡ ಮೊಣಕೈ ಮಡಚಬೇಡಿ ಎಂದು ಇನ್ನೊಬ್ಬರು, ಸೊಂಟ ಮೊದಲು ತಿರುಗಲಿ ಎಂದು ಮತ್ತೊಬ್ಬರು. ಸಂಜೆ ಮನೆಗೆ ಬಂದು ಯೂಟ್ಯೂಬ್ ಹಾಕಿದರೆ ಈ ಮೂರನ್ನೂ ಅಲ್ಲಗಳೆಯುವ ಒಬ್ಬ ಅಮೆರಿಕದವನು ಸಿಗುತ್ತಾನೆ. ಒಂದು ಬೀಸು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಇಷ್ಟೂ ಉಪದೇಶಗಳನ್ನು ನೆನೆಯಲು ಹೋದವನ ಕೋಲು ಚೆಂಡಿನ ಹಿಂದಿನ ನೆಲಕ್ಕೆ ತಗಲಿ, ಹುಲ್ಲಿನ ಹೆಂಟೆ ಚೆಂಡಿಗಿಂತ ಮುಂದೆ ಹೋಗಿ ಬೀಳುತ್ತದೆ. ಸ್ಪರ್ಧೆಗೆ ಮುಂಚಿನ ವಾರ ಈ ಬೀಸು ರೇಂಜಿಗಷ್ಟೇ ಸೀಮಿತವಾಗಿರುವುದಿಲ್ಲ. ಆಫೀಸಿನ ಲಿಫ್ಟಿಗೆ ಕಾಯುವಾಗ, ಬ್ಯಾಂಕಿನ ಸಾಲಿನಲ್ಲಿ, ದೇವಸ್ಥಾನದಲ್ಲಿ ಮಂಗಳಾರತಿಗೆ ನಿಂತಾಗಲೂ ಕೈಗಳು ತಮ್ಮಷ್ಟಕ್ಕೆ ಜೋಡಿಸಿಕೊಂಡು ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತವೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ನಿಲ್ಲುತ್ತಾರೆ.

ಇಷ್ಟೆಲ್ಲ ನಡೆಯುವಾಗ ರೇಂಜಿನ ಪಕ್ಕದಲ್ಲೇ ಇರುವ, ಚೆಂಡನ್ನು ಗುಣಿಗೆ ಉರುಳಿಸುವ ಅಭ್ಯಾಸದ ಪಟಿಂಗ್ ಗ್ರೀನಿನಲ್ಲಿ ಮೈನಾ ಹಕ್ಕಿಗಳು ಆರಾಮವಾಗಿ ಹುಳು ಹೆಕ್ಕುತ್ತಿರುತ್ತವೆ. ಅಲ್ಲಿ ಚೆಂಡಿಗೆ ದುಡ್ಡು ಕೊಡಬೇಕಾಗಿಲ್ಲ, ಬೆವರೂ ಬರುವುದಿಲ್ಲ. ಅದಕ್ಕೇ ಇರಬೇಕು ಯಾರೂ ಅತ್ತ ಸುಳಿಯುವುದಿಲ್ಲ. ಪಾರಿನ ಲೆಕ್ಕದಲ್ಲಿ ಪ್ರತಿ ಹೋಲಿಗೆ ಎರಡು ಪಟ್ ಎಂದು ಹಿಡಿದಿದ್ದಾರೆ. 18 ಹೋಲಿಗೆ 36. ಅಂದರೆ 72ರಲ್ಲಿ ಅರ್ಧ. ಇನ್ನೂರು ಗಜ ಹಾರಿದ ಡ್ರೈವೂ ಒಂದು ಹೊಡೆತ, ಗುಣಿಯ ಬಾಯಲ್ಲಿ ತಪ್ಪಿದ ಮೊಳದುದ್ದದ ಪಟ್ಟೂ ಒಂದು ಹೊಡೆತ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ ತಾಯಿಯ ಕೈಗೆ ಬ್ಯಾಗು ಕೊಟ್ಟು ಆಡಿ, ದೂರ ಹೊಡೆಯುವವರ ನಡುವೆ ಹಿಂದೆ ಉಳಿದರೂ ಪಟಿಂಗಿನ ಬಲದಿಂದ ನಾಲ್ಕನೆಯ ಸ್ಥಾನಕ್ಕೆ ಬಂದರು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತಕ್ಕೆ. ಆ ನಾಲ್ಕು ದಿನ ದೇಶದ ಹವ್ಯಾಸಿಗಳೆಲ್ಲ ಟಿವಿ ಮುಂದೆ ಕೂತು ಪಟಿಂಗಿನ ಮಹತ್ವವನ್ನು ಮನಗಂಡರು. ಐದನೆಯ ದಿನ ಡ್ರೈವರ್ ಹಿಡಿದು ರೇಂಜಿಗೆ ಹೋದರು.

ಕೆಲವರು ಮನೆಯಲ್ಲಿ ಪಟಿಂಗ್ ಮಾಡುವುದುಂಟು. ಹಾಲಿನ ಜಮಖಾನೆಯ ಮೇಲೆ ಸ್ಟೀಲ್ ಲೋಟ ಅಡ್ಡ ಮಲಗಿಸಿ ಅದರೊಳಕ್ಕೆ ಚೆಂಡು ಉರುಳಿಸುವುದು. ಗಾಲ್ಫಿನ ಗುಣಿಯ ವ್ಯಾಸ 108 ಮಿಲಿಮೀಟರು. ಲೋಟದ ಬಾಯಿ ಅದಕ್ಕಿಂತ ಚಿಕ್ಕದು. ಲೋಟಕ್ಕೆ ಬಿದ್ದದ್ದು ಗುಣಿಗೆ ಬೀಳಲೇಬೇಕು ಎಂಬ ತರ್ಕ ಸರಿಯಾಗಿಯೇ ಇದೆ. ಆದರೆ ಹಾಲಿನ ನೆಲ ಸಮತಟ್ಟು, ಗ್ರೀನ್ ಹಾಗಲ್ಲ. ಜೊತೆಗೆ ಹಾಲಿನಲ್ಲಿ ಪಟ್ ತಪ್ಪಿದಾಗ ಮೂವರು ಜೊತೆಗಾರರು ಅಯ್ಯೋ ಎಂದು ಸಂತೋಷಪಡುವುದಿಲ್ಲ.

ಸ್ಪರ್ಧೆಯ ದಿನ. ಇಬ್ಬನಿಯಲ್ಲಿ ನೆಂದ ಹುಲ್ಲು, ಸಿಲ್ವರ್ ಓಕ್ ಮರಗಳ ಹಿಂದೆ ಆಗಷ್ಟೇ ಬಿಸಿಲು. ಆಟ ಶುರುಮಾಡುವ ಜಾಗವಾದ ಮೊದಲ ಟೀ ಕ್ಲಬ್ಬಿನ ವರಾಂಡದ ಎದುರಿಗೇ ಇರುವುದು ವಾಡಿಕೆ; ಅಲ್ಲಿ ಕಾಫಿ ಕುಡಿಯುತ್ತ ಸರದಿಗೆ ಕಾದವರು, ಆಡುವುದು ಬಿಟ್ಟ ಹಿರಿಯರು, ಇಪ್ಪತ್ತು ಮೂವತ್ತು ಕ್ಯಾಡಿಗಳು ಎಲ್ಲರೂ ಇರುತ್ತಾರೆ. ಸ್ಟಾರ್ಟರ್ ಹೆಸರು ಕರೆದ ಕೂಡಲೇ ಮಾತು ನಿಲ್ಲುತ್ತದೆ. ನಮ್ಮ ದೇಶದಲ್ಲಿ ಐವತ್ತು ಜನ ಒಟ್ಟಿಗೆ ಬಾಯಿ ಮುಚ್ಚುವ ಸಂದರ್ಭಗಳು ಬೇರೆ ಹೆಚ್ಚಿಲ್ಲ. ಗೆಳೆಯರ ಆಟದಲ್ಲಾದರೆ ಮೊದಲ ಹೊಡೆತ ಕೆಟ್ಟರೆ ಇನ್ನೊಂದು ಹೊಡೆದುಕೊಳ್ಳಲು ಬಿಡುತ್ತಾರೆ. ಅದಕ್ಕೆ ಮಲಿಗನ್ ಎನ್ನುತ್ತಾರೆ. ಸ್ಪರ್ಧೆಯಲ್ಲಿ ಅದು ನಡೆಯುವುದಿಲ್ಲ. ಆಟಗಾರ ಚೆಂಡಿಡುವ ಗೂಟ ನೆಡುತ್ತಾನೆ, ಕೈ ನಡುಗಿ ಚೆಂಡು ಬೀಳುತ್ತದೆ, ಮತ್ತೆ ಇಡುತ್ತಾನೆ. ಎರಡು ಸಲ ಗಾಳಿಯಲ್ಲಿ ಬೀಸಿ ನೋಡುತ್ತಾನೆ. ಎರಡೂ ಲಕ್ಷಣವಾಗಿ ಬರುತ್ತವೆ. ಮೂರನೆಯದು ಎಣಿಕೆಗೆ ಬರುವಂಥದ್ದು. ಚೆಂಡು ನೆಲಬಿಟ್ಟು ಮೇಲೇಳದೆ ಹುಲ್ಲಿನೊಳಗೇ ಸೀಳಿಕೊಂಡು ಅರುವತ್ತು ಗಜ ಹೋಗಿ ಹೆಂಗಸರ ಟೀ ಪಕ್ಕ ನಿಲ್ಲುತ್ತದೆ. ವರಾಂಡದಿಂದ ಯಾರೋ ನೇರವಾಗಿ ಹೋಯಿತು ಎಂದು ಹೊಗಳುತ್ತಾರೆ.

ಇಲ್ಲಿಂದ ಮುಂದೆ ನಾಲ್ಕೂವರೆ ಗಂಟೆ ಅವನ ಜೊತೆಗಿರುವವನು ಕ್ಯಾಡಿ. ಕ್ಯಾಡಿಗಳಲ್ಲಿ ಹಲವರು ಕೋರ್ಸಿನ ಬೇಲಿಯ ಆಚೆ ಬೆಳೆದವರು. ಬ್ಯಾಗಿನ ಒಡೆಯನಿಗಿಂತ ಚೆನ್ನಾಗಿ ಆಡಬಲ್ಲವರು. ಬಿಡದಿ ಬಳಿಯ ಗಾಲ್ಫ್ ಕೋರ್ಸಿನ ಪಕ್ಕದ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಹೀಗೇ ಚೆಂಡು ಹೆಕ್ಕುತ್ತ ಕಲಿತು ಅಂತರರಾಷ್ಟ್ರೀಯ ವೃತ್ತಿಪರರಾದವರು. ಕ್ಯಾಡಿಯ ಕೆಲಸ ದೂರ ಹೇಳುವುದು, ಕೋಲು ಕೊಡುವುದು, ಗ್ರೀನಿನ ವಾಲು ಓದುವುದು. ಮುಖದಲ್ಲಿ ಏನನ್ನೂ ತೋರಿಸದಿರುವುದು ಎಲ್ಲಕ್ಕಿಂತ ಕಷ್ಟದ್ದು.

"ಎಷ್ಟಿದೆಯಪ್ಪಾ?"

"ನೂರ ನಲವತ್ತೈದು ಸಾರ್. ಸಿಕ್ಸ್ ತಗೊಳ್ಳಿ."

"ಎಯ್ಟ್ ಕೊಡು."

ಕ್ಯಾಡಿ ತುಟಿ ಪಿಟಕ್ಕೆನ್ನದೆ, ಆರಕ್ಕಿಂತ ಕಡಿಮೆ ದೂರ ಹೊಡೆಯುವ ಎಂಟನೆಯ ಐರನ್ ಕೊಡುತ್ತಾನೆ. ಟಿವಿಯಲ್ಲಿ ಬರುವವರು ಅಷ್ಟು ದೂರಕ್ಕೆ ಎಂಟಕ್ಕಿಂತ ಚಿಕ್ಕದನ್ನೇ ಹಿಡಿಯುತ್ತಾರೆ ಎಂಬುದು ಕೇಳಿದವನ ಆಧಾರ. ಚೆಂಡು ಗ್ರೀನಿಗೆ ಇಪ್ಪತ್ತು ಗಜ ಈಚೆ ಮರಳಿನ ಬಂಕರಿನಲ್ಲಿ ಹೂತುಕೊಳ್ಳುತ್ತದೆ.

"ಗಾಳಿ ಜಾಸ್ತಿ ಇತ್ತು ಸಾರ್," ಎನ್ನುತ್ತಾನೆ ಕ್ಯಾಡಿ. ಒಂದೆಲೆಯೂ ಅಲ್ಲಾಡುತ್ತಿರುವುದಿಲ್ಲ. ದಿನದ ಕೊನೆಯ ಟಿಪ್ಸು ಇಂಥ ವಾಕ್ಯಗಳ ಮೇಲೆ ನಿಂತಿರುತ್ತದೆ.

ಚೆಂಡು ಪೊದೆಗೆ ಹೋದರೆ ಹುಡುಕಲು ಮೂರು ನಿಮಿಷ. 2019ಕ್ಕೆ ಮುಂಚೆ ಐದಿತ್ತು. ಆಟ ಬೇಗ ಮುಗಿಯಲೆಂದು ಇಳಿಸಿದರು. ಮೂರು ನಿಮಿಷ ದಾಟಿ ಸಿಕ್ಕಿದ ಚೆಂಡು ಕಣ್ಣೆದುರಿಗಿದ್ದರೂ ಕಳೆದುಹೋದದ್ದೇ. ದಂಡ ಹಾಕಿಕೊಂಡು ಮೊದಲು ಹೊಡೆದಲ್ಲಿಗೇ ಹಿಂತಿರುಗಬೇಕು. ಹಾಗೆ ಹಿಂದಕ್ಕೆ ನಡೆಯುವವನಿಗೆ ಹಿಂದಿನ ಗುಂಪಿನ ನಾಲ್ವರು ಸೊಂಟದ ಮೇಲೆ ಕೈಯಿಟ್ಟು ನಿಂತಿರುವುದು ದೂರದಿಂದಲೇ ಕಾಣುತ್ತದೆ. ನಿಯಮಗಳಲ್ಲಿ ಕರುಣೆಯೂ ಇದೆ. ಚೆಂಡು ಹೆಗ್ಗಣದ ಬಿಲಕ್ಕೆ ಸಿಕ್ಕಿದರೆ ದಂಡವಿಲ್ಲದೆ ಆಚೆ ತೆಗೆದು ಬೀಳಿಸಿಕೊಳ್ಳಬಹುದು. ಪಕ್ಕದಲ್ಲಿ ಹಾವಿದ್ದರೂ ಹಾಗೇ. ಹಾವು ನೋಡಿದ್ದಾಗಿ ಹೇಳುವವರ ಸಂಖ್ಯೆ ಹಾವುಗಳ ಸಂಖ್ಯೆಗಿಂತ ಜಾಸ್ತಿಯಿರುವುದು ಪೊದೆಯ ದಟ್ಟಣೆಯನ್ನು ಅವಲಂಬಿಸಿದೆ.

ಇದಕ್ಕೆಲ್ಲ ಅಂಪೈರ್ ಇಲ್ಲ. ಆಟಗಾರನೇ ತನ್ನ ತಪ್ಪು ಹೇಳಿಕೊಳ್ಳಬೇಕು. ಹವ್ಯಾಸಿಯಾಗಿಯೇ ಆಡುತ್ತಿದ್ದ ಅಮೆರಿಕದ ಬಾಬಿ ಜೋನ್ಸ್ 1925ರ ಯುಎಸ್ ಓಪನ್ನಿನಲ್ಲಿ ಹುಲ್ಲಿನೊಳಗೆ ಚೆಂಡು ತುಸು ಅಲುಗಿತೆಂದು, ಬೇರೆ ಯಾರೂ ನೋಡದಿದ್ದರೂ, ತಾನೇ ಒಂದು ಹೊಡೆತದ ದಂಡ ಹಾಕಿಕೊಂಡ. ಆಟ ಸಮವಾಗಿ, ಮರು ಪಂದ್ಯದಲ್ಲಿ ಸೋತ. ಭಾನುವಾರದ ಸ್ಪರ್ಧೆಯಲ್ಲಿ ಪ್ರಾಮಾಣಿಕತೆಗೆ ಕೊರತೆಯಿಲ್ಲ, ನೆನಪಿನ ಶಕ್ತಿಗೆ ಇದೆ. ಗ್ರೀನಿನಿಂದ ಹೊರಬಂದಾಗ ಕಾರ್ಡ್ ಬರೆಯುವವರು "ಎಷ್ಟು ಡಾಕ್ಟ್ರೇ?" ಎನ್ನುತ್ತಾರೆ. ಡಾಕ್ಟರು ತಿರುಗಿ ಬಂದ ದಾರಿಯನ್ನು ನೋಡಿ, ತೋರುಬೆರಳನ್ನು ಟೀಯಿಂದ ಶುರುಮಾಡಿ ಒಂದೊಂದೇ ಮರದ ಕಡೆಗೆ ಚಾಚುತ್ತ, ತುಟಿ ಅಲ್ಲಾಡಿಸಿ ಎಣಿಸುತ್ತಾರೆ. ಬಂಕರಿನ ಹತ್ತಿರ ಬೆರಳು ಸ್ವಲ್ಪ ತಡೆಯುತ್ತದೆ. "ಏಳು," ಎನ್ನುತ್ತಾರೆ. "ಬಂಕರಲ್ಲಿ ಎರಡು ಆಗಿತ್ತಲ್ವಾ?" "ಹೌದಲ್ಲ, ಎಂಟು."

ಎಂಟಾದರೂ ಹನ್ನೆರಡಾದರೂ ಜೀವ ಹೋಗದಂತೆ ಕಾಪಾಡಿದವರು ಇಂಗ್ಲೆಂಡಿನ ಒಬ್ಬ ಡಾಕ್ಟರು, ಫ್ರಾಂಕ್ ಸ್ಟೇಬಲ್‌ಫರ್ಡ್. ವಾಲಸಿ ಎಂಬಲ್ಲಿ ಸಮುದ್ರದ ಗಾಳಿ ಬೀಸುವ ಕೋರ್ಸಿನಲ್ಲಿ 1932ರಲ್ಲಿ ಅವರ ಪದ್ಧತಿಯ ಸ್ಪರ್ಧೆ ನಡೆಯಿತು. ಹ್ಯಾಂಡಿಕ್ಯಾಪು ಕಳೆದ ಮೇಲೆ ಪಾರ್ ಬಂದರೆ ಎರಡು ಅಂಕ, ಒಂದು ಹೊಡೆತ ಹೆಚ್ಚಾದರೆ ಒಂದು, ಅದಕ್ಕಿಂತ ಕೆಟ್ಟರೆ ಸೊನ್ನೆ. ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ. ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಹೋಲಿಗೆ ನಡೆಯಬಹುದು. ಒಟ್ಟು 36 ಅಂಕ ಬಂದರೆ ತನ್ನ ಹ್ಯಾಂಡಿಕ್ಯಾಪಿಗೆ ಸರಿಯಾಗಿ ಆಡಿದಂತೆ. ವೈದ್ಯಕೀಯದಿಂದ ಎಷ್ಟು ಜನರ ರಕ್ತದೊತ್ತಡ ಇಳಿಸಿದರೋ, ಈ ಕೋಷ್ಟಕದಿಂದ ಅದಕ್ಕಿಂತ ಹೆಚ್ಚು ಜನರದ್ದು ಇಳಿಸಿದರು ಎನ್ನಬೇಕು.

ಕೊನೆಯ ಕಂಟಕ ಹೊಡೆತಗಳ ಕಾರ್ಡಿಗೆ ಹಾಕುವ ಸಹಿ. 1968ರ ಮಾಸ್ಟರ್ಸ್ ಸ್ಪರ್ಧೆಯಲ್ಲಿ ಅರ್ಜೆಂಟೀನಾದ ರೊಬೆರ್ಟೋ ಡಿ ವಿಸೆಂಜೋ ತನ್ನ 45ನೆಯ ಹುಟ್ಟುಹಬ್ಬದ ದಿನ ಅಮೋಘವಾಗಿ ಆಡಿದ. ಹದಿನೇಳನೆಯ ಹೋಲಿನ ಮೂರನ್ನು ಜೊತೆಗಾರ ನಾಲ್ಕೆಂದು ಬರೆದಿದ್ದ. ನೋಡದೆ ಸಹಿ ಹಾಕಿದ್ದರಿಂದ ನಾಲ್ಕೇ ಗಟ್ಟಿಯಾಯಿತು. ಒಂದು ಹೊಡೆತದಿಂದ ಪಟ್ಟದ ಮರು ಪಂದ್ಯ ತಪ್ಪಿತು. ಕಡಿಮೆ ಬರೆದುಕೊಂಡು ಸಹಿ ಹಾಕಿದ್ದರೆ ಸ್ಪರ್ಧೆಯಿಂದಲೇ ಹೊರಗೆ. ಕ್ಲಬ್ಬಿನ ಮೇಜಿನ ಸುತ್ತ ಓದುವ ಕನ್ನಡಕ ಹುಡುಕುತ್ತ, ಹದಿನೆಂಟು ಅಂಕಿಗಳನ್ನು ಎರಡೆರಡು ಸಲ ಕೂಡುವ ಸಾಲಿನಲ್ಲಿ ಆಡಿಟರುಗಳೂ ಇರುತ್ತಾರೆ. ಅವರದ್ದೇ ಹೆಚ್ಚು ತಪ್ಪುವುದು.

ಕಂಪನಿಗಳು ನಡೆಸುವ ಸ್ಪರ್ಧೆಯ ದಾರಿ ಬೇರೆ. ಬಂದ ಅತಿಥಿಗಳಲ್ಲಿ ಅರ್ಧ ಜನರಿಗೆ ಹ್ಯಾಂಡಿಕ್ಯಾಪೇ ಇರುವುದಿಲ್ಲ. ಅದಕ್ಕೆ ಡಬಲ್ ಪಿಯೋರಿಯಾ ಎಂಬ ಉಪಾಯ: ಸಂಘಟಕರು ಗುಟ್ಟಾಗಿ 12 ಹೋಲು ಆರಿಸಿರುತ್ತಾರೆ, ಅವುಗಳಲ್ಲಿ ಆಡಿದ್ದನ್ನು ಒಂದೂವರೆಪಟ್ಟು ಮಾಡಿ, ಪಾರ್ ಕಳೆದು, ಉಳಿದದ್ದರ ನೂರಕ್ಕೆ ಎಂಬತ್ತು ಪಾಲನ್ನು ಆ ದಿನದ ಹ್ಯಾಂಡಿಕ್ಯಾಪು ಎನ್ನುತ್ತಾರೆ. ಆರಿಸಿದ ಹೋಲುಗಳಲ್ಲಿ ಕೆಟ್ಟದಾಗಿಯೂ ಉಳಿದ ಆರರಲ್ಲಿ ಚೆನ್ನಾಗಿಯೂ ಆಡಿದವನು ಗೆಲ್ಲುತ್ತಾನೆ. ತಾನು ಗೆದ್ದೆನೆಂದು ತಿಳಿದಾಗ ಅವನಿಗೇ ಎಲ್ಲರಿಗಿಂತ ಹೆಚ್ಚು ಆಶ್ಚರ್ಯ. ಪಾರ್-3 ಹೋಲಿನ ಪಕ್ಕ ರಿಬ್ಬನ್ ಕಟ್ಟಿದ ಕಾರು ನಿಲ್ಲಿಸಿರುತ್ತಾರೆ, ಒಂದೇ ಹೊಡೆತಕ್ಕೆ ಗುಣಿ ಸೇರಿಸಿದವನಿಗೆ ಅದು; ಸಾವಿರ ಡಾಲರಿನ ಮಿತಿ ಇದಕ್ಕಿಲ್ಲ. ಸಾಮಾನ್ಯ ಹವ್ಯಾಸಿಗೆ ಇದರ ಸಂಭವ 12,500ಕ್ಕೆ ಒಂದು ಎಂದು ವಾಡಿಕೆಯ ಲೆಕ್ಕ. ಕಾರು ಕೊಟ್ಟ ಕಂಪನಿ ಅದಕ್ಕೂ ವಿಮೆ ಮಾಡಿಸಿರುತ್ತದೆ. ಹೋಲ್-ಇನ್-ಒನ್ ಮಾಡಿದವನು ಕ್ಲಬ್ಬಿನಲ್ಲಿದ್ದವರಿಗೆಲ್ಲ ಕುಡಿಸಬೇಕೆಂಬ ಸಂಪ್ರದಾಯದಿಂದಾಗಿ ಜಪಾನಿನಲ್ಲಿ ಆಟಗಾರರೇ ಇಂಥ ವಿಮೆ ಕೊಳ್ಳುತ್ತಾರೆ. ನಮ್ಮಲ್ಲಿ ಆ ದಿನ ಮಧ್ಯಾಹ್ನದ ಊಟಕ್ಕೆ ಹಾಜರಿ ತಾನಾಗಿ ಏರುತ್ತದೆ.

ಬಹುಮಾನ ವಿತರಣೆ ಬಿರಿಯಾನಿಯ ನಂತರ. ಬೆಳ್ಳಿ ಬಣ್ಣದ ಬಟ್ಟಲು, ಗೋಡೆ ಗಡಿಯಾರ, ಟ್ರಾಲಿ ಬ್ಯಾಗು. ಗೆದ್ದವನು ಮೊದಲ ಹೋಲಿನಿಂದ ಕಥೆ ಶುರುಮಾಡುತ್ತಾನೆ, ಸೋತವನು ಬೆನ್ನಿನಿಂದ. ಅಷ್ಟರಲ್ಲಿ ಆಫೀಸಿನ ಗುಮಾಸ್ತರು ಕಾರ್ಡುಗಳನ್ನು ಕಂಪ್ಯೂಟರಿಗೆ ತುಂಬುತ್ತಿರುತ್ತಾರೆ. ಮರುದಿನ ಹೊಸ ಹ್ಯಾಂಡಿಕ್ಯಾಪು ಮೊಬೈಲಿಗೆ ಬರುತ್ತದೆ. ಗೆದ್ದವನದು 24ರಿಂದ 21ಕ್ಕೆ ಇಳಿದಿರುತ್ತದೆ, ಇನ್ನು ಕೆಲವು ತಿಂಗಳು ಅವನು ಗೆಲ್ಲುವುದು ಕಷ್ಟ. ಸೋತವನ ಹಳೆಯ ಒಳ್ಳೆಯ ಆಟವೊಂದು ಇಪ್ಪತ್ತರ ಲೆಕ್ಕದಿಂದ ಜಾರಿ ಹೊರಬಿದ್ದು ಅಂಕಿ ಏರಿರುತ್ತದೆ, ಮುಂದಿನ ತಿಂಗಳು ಅವನಿಗೆ ಒಂದು ಹೊಡೆತ ಹೆಚ್ಚಿಗೆ ಸಿಗುತ್ತದೆ. ಅವನು ನೋಟಿಸ್ ಬೋರ್ಡಿನಲ್ಲಿ ಹೆಸರು ಬರೆದು ನೇರ ಅಂಗಡಿಗೆ ಹೋಗುತ್ತಾನೆ.